ಮಾವನ ಮನೆಯ ಅಳಿಯ

ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುತ್ತಿದ್ದ ಹುಡುಗನನ್ನು ಹಾಡಹಗಲೇ ಎಳೆದೊಯ್ದು, ಬಲಗೈಯನ್ನು ಮೇಜಿನ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮುರಿದರು. ಗಿರಣಿ ಕಾರ್ಮಿಕರ ಮುಷ್ಕರದ ಕರಪತ್ರ ಅಚ್ಚು ಹಾಕಿದ್ದು ಅವನ ಅಪರಾಧ. ಬರೆದವರು ಯಾರೆಂದು ಅವನು ಹೇಳಲಿಲ್ಲ.

ಆ ಬೆರಳು ಮುರಿದ ಪೊಲೀಸ್ ಇಲಾಖೆಯಲ್ಲೇ ಅವನ ಅಣ್ಣ ಗೂಢಚಾರನಾಗಿದ್ದ.

ಮನೆಯಲ್ಲಿ ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಅಮ್ಮನ ಪಾಲಿಗೆ ದೊಡ್ಡ ಮಗ ಊರೂರು ಅಲೆದು ಔಷಧಿ ಮಾರುವವನು. ಇಲಾಖೆಯಲ್ಲಿ ಮಾತ್ರ ಅವನು ‘ಅಳಿಯ’. ಜೈಲಿಗೆ ಮಾವನ ಮನೆ ಎನ್ನುತ್ತಾರಲ್ಲ, ಆ ಮಾವನ ಮನೆಗೆ ಇವನಷ್ಟು ಸಲ ಹೋಗಿ ಬಂದ ಅಳಿಯ ಬೇರೊಬ್ಬನಿರಲಿಲ್ಲ. ಬಾಯಿ ಬಿಡದ ಕೈದಿಯ ಕೋಣೆಗೆ ಇವನನ್ನೂ ಕೈದಿಯೆಂದೇ ತಳ್ಳುತ್ತಿದ್ದರು. ಇವನು ನರಳುತ್ತಿದ್ದ, ಪಕ್ಕದವನ ಹೆಗಲಿಗೆ ತಲೆಯಾನಿಸಿ ಅಳುತ್ತಿದ್ದ. ಪಕ್ಕದವನು ಕರುಳು ಕರಗಿ, ಎದೆಯಲ್ಲಿದ್ದುದನ್ನೆಲ್ಲ ಬಿಚ್ಚಿಡುತ್ತಿದ್ದ. ಮರುದಿನ ಆ ಪಾಪದವನ ಗೆಳೆಯರ ಮನೆಗಳ ಬಾಗಿಲು ಒಡೆಯುತ್ತಿತ್ತು.

ಬಣ್ಣ ಬಳಿದ ಗಾಯಕ್ಕೆ ಮೋಸಹೋಗುವ ಕಣ್ಣು ಜೈಲಿನಲ್ಲಿ ಇರುವುದಿಲ್ಲ. ಆದ್ದರಿಂದ ಪೆಟ್ಟು ನಿಜವಾಗಿಯೇ ಬೀಳಬೇಕು. ಅದಕ್ಕೆ ಮೇಸ್ತ್ರಿ ಇದ್ದ. ಅವನೂ ಇಲಾಖೆಯವನೇ. ಗೋಡೆ ಕಟ್ಟುವವನು ಇಟ್ಟಿಗೆ ತಟ್ಟಿ ನೋಡುವ ಹಾಗೆ ಮೈ ತಟ್ಟಿ ನೋಡಿ, ಎಲ್ಲಿ ಸೀಳಿದರೆ ರಕ್ತ ಹೆಚ್ಚು, ನೋವು ಕಡಿಮೆ ಎಂದು ಹೇಳಬಲ್ಲವನು.

ಊದಿದ ಮುಖ ಹೊತ್ತು ಮನೆಗೆ ಹೋದಾಗಲೆಲ್ಲ ಅಳಿಯ ಸ್ಕೂಟರಿನ ಮೇಲೆ ತಪ್ಪು ಹೊರಿಸುತ್ತಿದ್ದ. ತಮ್ಮ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅಣ್ಣನ ಹುಬ್ಬು ಒರೆಸುತ್ತ, “ಗಾಡಿ ಮಾರಿ ಒಂದು ಕತ್ತೆ ತಗೋ ಅಣ್ಣ. ಅದಾದ್ರೂ ಒದೆಯೋ ಮುಂಚೆ ಕಿವಿ ಆಡಿಸುತ್ತೆ” ಎನ್ನುತ್ತಿದ್ದ.

ಈಗ ಆ ತಮ್ಮನೇ ಒಳಗಿದ್ದಾನೆ. ಅಮ್ಮ ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕೂತವಳು ಎದ್ದಿರಲಿಲ್ಲ. ಅಳಿಯ ನೇರವಾಗಿ ಇಲಾಖೆಯ ಸಾಹೇಬರ ಕೋಣೆಗೆ ನುಗ್ಗಿದ.

“ನನ್ನ ತಮ್ಮ ಅಂತ ಗೊತ್ತಿರಲಿಲ್ವಾ ಸಾರ್?”

“ಗೊತ್ತಿತ್ತಪ್ಪ,” ಸಾಹೇಬರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡರು. “ಅದಕ್ಕೇ ಸಮಾಧಾನ. ಇದಕ್ಕಿಂತ ಸುಲಭದ ಕೆಲಸ ನಿಂಗೆ ಯಾವತ್ತು ಕೊಟ್ಟಿದ್ದೀನಿ ಹೇಳು? ಬೇರೆಯವರ ಹತ್ರ ನೀನು ಅಣ್ಣನ ಥರ ಆಡಬೇಕಿತ್ತು. ಇಲ್ಲಿ ಅಣ್ಣನೇ.”

“ಅವನ ಕೈ...”

“ಒಂದು ಹೆಸರು ತಂದುಕೊಡು. ಸಂಜೆಗೆ ಮನೆಗೆ ಕಳಿಸ್ತೀನಿ. ಇಲ್ಲಾಂದ್ರೆ ಇನ್ನೊಂದು ಕೈ ಇದೆ, ಎರಡು ಕಾಲಿವೆ. ಮೇಸ್ತ್ರಿಗೇನು ಬೇರೆ ಕೆಲಸ?”

ಅಳಿಯ ಒಪ್ಪಿಕೊಂಡ. ಕರಪತ್ರ ಬರೆದವನು ಯಾವನೋ. ಆ ಯಾವನನ್ನೋ ಕೊಟ್ಟು ತಮ್ಮನನ್ನು ಬಿಡಿಸಿಕೊಂಡರಾಯಿತು. ಆ ಯಾವನಿಗೂ ಒಬ್ಬ ಅಣ್ಣ ಇದ್ದಾನು ಎಂಬ ಕಡೆಗೆ ಅವನ ಬುದ್ಧಿ ಅಂದೂ ಹೊರಳಲಿಲ್ಲ.

“ಅಳಿಯಂದ್ರೇ, ಹಲ್ಲು ಕಚ್ಕೊಳ್ಳಿ,” ಎಂದ ಮೇಸ್ತ್ರಿ. ಮೊದಲ ಏಟಿಗೆ ಹುಬ್ಬು ಬಾಯಿಬಿಟ್ಟಿತು. ಬೆನ್ನಿನ ಮೇಲೆ ಬೆಲ್ಟಿನ ಬರೆಗಳೆದ್ದವು. ಬೂಟಿನ ಮೊನೆ ಪಕ್ಕೆಗೆ ತಾಕಿತು. ಅಳತೆಗೆ ತಕ್ಕಷ್ಟಾದ ಮೇಲೆ ಮೇಸ್ತ್ರಿ ಬೆವರು ಒರೆಸಿಕೊಂಡ.

“ಇನ್ನೂ ಹೊಡಿ.”

“ಸಾಕೋ. ಶಾಖ ಕೊಟ್ಟರೂ ಇಳಿಯದಷ್ಟು ಊದಿದೆ ಮುಖ.”

“ನನ್ನ ತಮ್ಮ ಕಣೋ ಅವನು! ನನ್ನ ಗಾಯದ ಗುರುತೆಲ್ಲ ಅವನಿಗೆ ಬಾಯಿಪಾಠ. ಹೊಡಿ ಅಂದ್ರೆ ಹೊಡಿ!”

ಮೇಸ್ತ್ರಿ ಹೊಡೆದ. ಅಳಿಯ ವಾಂತಿ ಮಾಡಿಕೊಂಡು, ಅದರಲ್ಲೇ ಮೊಣಕಾಲೂರಿ ಕುಸಿಯುವವರೆಗೆ ಹೊಡೆದ. ಕೈಗಳನ್ನು ಮಾತ್ರ ಮುಟ್ಟಲಿಲ್ಲ. ಒಳಗಿನಿಂದ ಬಂದು ವರದಿ ಬರೆಯಬೇಕಾದ ಕೈಗಳು ಅವು. ಇಲಾಖೆಯವನ ಕೈಗೆ ಅಷ್ಟು ಮರ್ಯಾದೆ ಕೊಡುವುದು ಆ ಕಟ್ಟಡದ ರೂಢಿ.

ಕೋಣೆಯೊಳಗೆ ಬಿದ್ದವನನ್ನು ಕಂಡು ತಮ್ಮ ಕಿರುಚಿಕೊಂಡ. “ಅಣ್ಣಾ! ನಿನ್ನನ್ನ ಯಾಕೆ?”

“ನಿನ್ನ ಹುಡುಕ್ಕೊಂಡು ಬಂದೆ. ನನ್ನನ್ನೂ ಎಳ್ಕೊಂಡ್ರು.”

ತಮ್ಮ ಎಡಗೈಯಲ್ಲೇ ಅಂಗಿ ಕಳಚಿ ಅಣ್ಣನ ಮುಖ ಒರೆಸತೊಡಗಿದ. ಬಲಗೈ ಊದಿ ನೀಲಿಗಟ್ಟಿ, ಯಾರೋ ಅವನ ತೊಡೆಯ ಮೇಲೆ ಬಿಟ್ಟುಹೋದ ಗಂಟಿನ ಹಾಗೆ ಬಿದ್ದಿತ್ತು. ಅದನ್ನು ನೋಡಿ ಅಳಿಯ ಅತ್ತ. ವರ್ಷಗಟ್ಟಲೆ ಕಸುಬಿಗಾಗಿ ಅತ್ತವನಿಗೆ, ಈ ಅಳು ಎಲ್ಲಿ ನಿಲ್ಲುತ್ತದೆಂದು ತಿಳಿಯಲಿಲ್ಲ. ಅಳುತ್ತಲೇ ಕೇಳಿದ:

“ಬರೆದೋರು ಯಾರೋ? ಹೇಳಿಬಿಡೋ. ನಿನ್ನ ಕೊಂದುಹಾಕ್ತಾರೆ. ಅಮ್ಮ ಹೊಸ್ತಿಲು ಬಿಟ್ಟು ಎದ್ದಿಲ್ಲ.”

ತಮ್ಮ ಬಾಯಿ ತೆರೆದ. ಹೆಸರು ನಾಲಿಗೆಯ ತುದಿಗೆ ಬಂದುದನ್ನು ಅಳಿಯ ಕಣ್ಣಾರೆ ಕಂಡ.

ಮೂಲೆಯಲ್ಲಿ ಮಲಗಿದ್ದ ಮುದುಕ ತಲೆ ಎತ್ತಿದ. ಮುಷ್ಕರದವರ ಬಾವುಟ ಹೊಲಿದುಕೊಟ್ಟ ದರ್ಜಿ ಅವನು. ಎರಡೂ ಹೆಬ್ಬೆರಳು ಸೊಟ್ಟಗೆ ತಿರುಗಿದ್ದವು.

“ಮಗಾ, ನಿಮ್ಮಣ್ಣನ ಕೈ ನೋಡಿದ್ಯಾ?”

“ಕೈಗೇನಾಗಿದೆ ತಾತ?”

“ಅದೇ ಕೇಳ್ತಿರೋದು. ಏನೂ ಆಗಿಲ್ಲ. ದುಡಿಯೋರನ್ನ ಇಲ್ಲಿ ಕೈಯಿಂದಲೇ ಮುರಿಯೋಕೆ ಶುರು ಮಾಡೋದು. ಮುಖ ಅಷ್ಟು ಕೆಡಿಸಿದೋರು ಕೈ ಯಾಕೆ ಬಿಟ್ರು?”

ತಮ್ಮ ಮೊದಲು ನಕ್ಕ. “ನಮ್ಮಣ್ಣ ಔಷಧಿ ಮಾರೋನು ತಾತ, ಅವನಿಗೆ ಇದೆಲ್ಲ...” ನಗು ಅಲ್ಲಿಗೇ ನಿಂತಿತು. ಅವನು ಅಣ್ಣನ ಕೈಗಳನ್ನು ಮಗುಚಿ ನೋಡಿದ. ಒಂದು ತರಚು ಗಾಯವೂ ಇರಲಿಲ್ಲ. ಆಮೇಲೆ ಹುಬ್ಬು ನೋಡಿದ. ಹಳೆಯ ಕಲೆಯ ಮೇಲೆಯೇ ಹೊಸ ಸೀಳು.

“ಸ್ಕೂಟರ್‌ನಿಂದ ಬಿದ್ದೆ ಅಂದ್ಯಲ್ಲ, ಅಷ್ಟು ಸಲ,” ತಮ್ಮನ ದನಿ ಇಳಿದಿತ್ತು. “ಪ್ರತಿ ಸಲ ಯಾರ ಮೇಲೆ ಬಿದ್ದೆ ಅಣ್ಣ?”

“ನಿನ್ನ ಉಳಿಸೋಕೆ ಕಣೋ...”

“ನಾನು ನೀರು ಕಾಸಿದ್ದೆ. ನಿಂಗೆ ಅಂತ.” ಅವನು ರಕ್ತದ ಅಂಗಿಯನ್ನು ನೆಲಕ್ಕೆ ಬಿಟ್ಟು, ತೆವಳಿಕೊಂಡು ಹೋಗಿ ದರ್ಜಿಯ ಪಕ್ಕದಲ್ಲಿ ಕುಳಿತ. ಮತ್ತೆ ಎಷ್ಟು ಕರೆದರೂ ಮುಖ ತಿರುಗಿಸಲಿಲ್ಲ.

ಅಳಿಯ ಬಾಗಿಲು ಬಡಿದ. ಹೊರಗೆ ಕರೆದೊಯ್ದರು. ಸಾಹೇಬರ ಫ್ಲಾಸ್ಕಿನ ಚಹಾ ಇನ್ನೂ ಮುಗಿದಿರಲಿಲ್ಲ.

“ಹೆಸರು?”

“ಅವನಿಗೇನೂ ಗೊತ್ತಿಲ್ಲ ಸಾರ್. ಕಾಲು ಹಿಡ್ಕೋತೀನಿ, ಬಿಟ್ಟುಬಿಡಿ.”

“ಗೊತ್ತಿಲ್ಲದೋನು ಬೆರಳು ಮುರಿಸ್ಕೊಂಡು ಸುಮ್ನಿರ್ತಾನಾ? ಮೇಸ್ತ್ರಿ, ಹುಡುಗನ ಇನ್ನೊಂದು ಕೈ ನೋಡು.”

ಮೇಸ್ತ್ರಿ ಮೂಲೆಯಲ್ಲಿದ್ದ ಕಬ್ಬಿಣದ ಸರಳು ತೆಗೆದುಕೊಂಡು ಬಾಗಿಲ ಕಡೆ ನಡೆದ. ಅಳಿಯ ಫ್ಲಾಸ್ಕು ಎತ್ತಿ ಸಾಹೇಬರ ಮುಖಕ್ಕೆ ಅಪ್ಪಳಿಸಿದ. ಮೂಗಿನ ಮೂಳೆ ಲಟಕ್ಕೆಂದಿತು. ಸುಡುವ ಚಹಾ, ಗಾಜು, ರಕ್ತ ಒಂದಾಗಿ ಅಂಗಿಯ ಕಾಲರಿಗೆ ಇಳಿದವು. ಮೇಸ್ತ್ರಿ ತಿರುಗುವಷ್ಟರಲ್ಲಿ ಅವನ ಬೆನ್ನೇರಿ ಕಿವಿಗೆ ಬಾಯಿ ಹಾಕಿ, ಬಾಯಿಗೆ ಬಂದಷ್ಟನ್ನು ಕಿತ್ತ. ಮೇಸ್ತ್ರಿಗೆ ಈಗ ಅಳತೆಯೂ ಇಲ್ಲ, ಸ್ನೇಹವೂ ಇಲ್ಲ. ಸರಳು ಮೊಣಕಾಲಿಗೆ ಬಿತ್ತು, ಚಿಪ್ಪು ಒಡೆಯಿತು. ಅಳಿಯ ಒಡೆದ ಕಾಲೆಳೆಯುತ್ತ ಕೋಣೆಗಳ ಸಾಲಿಗೆ ತೆವಳಿ, ಸಿಕ್ಕಿದ ಕಂಬಿಯನ್ನು ಅಪ್ಪಿ ಹಿಡಿದು ಕೂಗಿದ:

“ಕೇಳ್ರಪ್ಪಾ! ನಾನು ಕೈದಿ ಅಲ್ಲ, ಇಲಾಖೆಯೋನು! ಈ ಮುಖ ನೋಡ್ಕೊಳ್ಳಿ! ಪಕ್ಕದಲ್ಲಿ ಕೂತು ಅತ್ರೆ ನಂಬಬೇಡಿ! ನಾನೊಬ್ಬನೇ ಅಲ್ಲ! ಕೆಮ್ಮೋನು ಒಬ್ಬ ಇದ್ದಾನೆ, ಕ್ಷಯ ಅಂತಾನೆ, ಅವನಿಗೆ ನೆಗಡೀನೂ ಇಲ್ಲ! ಮಕ್ಕಳ ಫೋಟೋ ತೋರಿಸೋನಿಗೆ ಮದುವೇನೇ ಆಗಿಲ್ಲ!”

ಒಂದೊಂದೇ ಕೋಣೆಯ ಕಂಬಿಗೆ ಮುಖಗಳು ಬಂದವು. ಸರಳು ಬೆನ್ನಿಗೆ ಬಿತ್ತು, ಹೆಗಲಿಗೆ ಬಿತ್ತು. ಅವನು ಕಂಬಿ ಬಿಡಲಿಲ್ಲ.

“ನಿಲ್ಲಿಸು ಮೇಸ್ತ್ರಿ.” ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದು, ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ದನಿ ಮೆತ್ತಗಿತ್ತು. “ಬಾಯಿ ಮುಚ್ಚು ಸಾಕು. ಹೆಸರೂ ಬೇಡ. ಈಗ ಮುಚ್ಚಿದ್ರೆ ನಿನ್ನ ತಮ್ಮನ್ನ ಸಂಜೆಗೆ ಮನೆಗೆ ಕಳಿಸ್ತೀನಿ. ನನ್ನ ಮಾತು.”

‘ಹೇಳಿಬಿಡು, ಸಂಜೆಗೆ ಮನೆಗೆ ಕಳಿಸ್ತಾರೆ’ ಎಂದು ಇದೇ ದನಿಯಲ್ಲಿ ಅಳಿಯ ಎಷ್ಟೋ ಕೈದಿಗಳ ಕಿವಿಯಲ್ಲಿ ಉಸುರಿದ್ದ. ಅವರಲ್ಲಿ ಒಬ್ಬನೂ ಯಾವ ಸಂಜೆಯೂ ಮನೆ ಸೇರಿರಲಿಲ್ಲ. ಆದರೂ ನಂಬಿಬಿಡಬೇಕೆಂದು ಅವನ ಜೀವ ಬಡಿದುಕೊಂಡಿತು. ಎದುರಿನ ಕೋಣೆಯಲ್ಲಿ ತಮ್ಮ ಕಂಬಿಯ ಹಿಂದೆ ಎದ್ದು ನಿಂತಿದ್ದ, ಇತ್ತಲೇ ನೋಡುತ್ತಿದ್ದ.

ಅಳಿಯ ಮುರಿದ ಹಲ್ಲನ್ನು ಸಾಹೇಬರ ಬೂಟಿನ ಮೇಲೆ ಉಗಿದ.

“ಮುಚ್ಚಲ್ಲ,” ಎಂದ. ಮುಂದಿನ ಕಂಬಿಗೆ ಕೈ ಹಾಕಿ ಮೈ ಎಳೆದುಕೊಂಡ. “ಇನ್ನೊಬ್ಬ ಇದ್ದಾನೆ, ಆ ಕಡೆಯೋರು ಕೇಳ್ಕೊಳ್ರಪ್ಪಾ...”