ದೂಮನ ಎಲೆ

ಕೋಯನ ಪಿಕ್ಕಾಸು ಮತ್ತೆ ಮುರಕಲ್ಲಿಗೆ ಬಡಿದು ಕಿಡಿ ಹಾರಿಸಿತು. ಆ ಒಂದು ಕಿಡಿಯಲ್ಲಿ ಉಪ್ಪಳದ ಪೇಟೆಯಿಡೀ ಬೀಡಿ ಹಚ್ಚಿಕೊಳ್ಳಬಹುದಿತ್ತು.

"ಜನ್ಮವಿಡೀ ಕಲ್ಲು ಕಡಿದವನ ಮೇಲೆ ಕಲ್ಲು ಈಗ ಸೇಡು ತೀರಿಸ್ತಾ ಉಂಟು, ಅಯ್ಯ," ಎಂದು ಅವನು ಗುಂಡಿಯೊಳಗಿಂದಲೇ ಮುಖ ಒರೆಸಿಕೊಂಡ.

"ನಿಧಾನ ಮಾಡು, ಕೋಯ. ಅಕ್ಕ ಬಾರದೆ ಮಣ್ಣು ಹಾಕಬೇಡಿ ಎಂದು ಹೇಳಿಯೇ ಅವ ಕಣ್ಣು ಮುಚ್ಚಿದ್ದು," ಎಂದರು ಪಾದ್ರಿ ಸಾಮುವೆಲಯ್ಯ.

ಪ್ರಾರ್ಥನಾಲಯದ ಜಗಲಿಯಲ್ಲಿ, ಹಲಸಿನ ಹಲಗೆಯ ಪೆಟ್ಟಿಗೆಯೊಳಗೆ ತಿಮೊಥಿ ಮಲಗಿದ್ದ. ಹೆಂಡತಿಯಿಲ್ಲ, ಮಕ್ಕಳಿಲ್ಲ. ಅವನು ಕಡಿದ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಮಂಗಲ್ಪಾಡಿಯಿಂದ ಚಂದ್ರನಿಗೆ ಮೆಟ್ಟಿಲಾಗುತ್ತಿತ್ತು. ಅಂಥವನ ಸಾವಿಗೆ ಬಂದ ಜನ ಮಾತ್ರ ಕೋಯನ ಎತ್ತಿನ ಗಾಡಿಯಲ್ಲಿ ಹಿಡಿಸುವಷ್ಟು.

ಬೇಲಿಯ ಹೊರಗೆ ಒಬ್ಬ ಮುದುಕ ಬೆಳಗಿನಿಂದ ನಿಂತಿದ್ದ. ತಿಮೊಥಿಯ ಒಡಹುಟ್ಟಿದ ಅಣ್ಣ, ಮಹಾಬಲ.

"ಒಳಗೆ ಬನ್ನಿ, ಮಹಾಬಲಣ್ಣ," ಎಂದು ಕೋಯ ಕರೆದ.

"ನಾನೆಂತಕ್ಕೆ ಬರಬೇಕು? ನಾನು ದಾರಿಯಲ್ಲಿ ಹೋಗುವವ."

"ಬೆಳಗ್ಗಿನಿಂದ ಹೋಗ್ತಾನೇ ಇದ್ದೀರಿ ಮಾರಾಯ್ರೆ, ಒಂದು ಹೆಜ್ಜೆ ಮುಂದೆ ಹೋದದ್ದು ಕಾಣುವುದಿಲ್ಲ."

"ನೋಡು, ನನ್ನ ತಮ್ಮ ದೂಮ ಸತ್ತು ಹದಿನೇಳು ವರ್ಷ ಆಯಿತು. ಹುಲ್ಲಿನ ಗೊಂಬೆ ಸುಟ್ಟು ನಾನೇ ಉತ್ತರಕ್ರಿಯೆಯ ಬೊಜ್ಜ ಮಾಡಿದ್ದೇನೆ, ಊರಿಡೀ ಬಂದು ಉಂಡಿದೆ. ಒಬ್ಬನಿಗೆ ಎಷ್ಟು ಸಲ ಸಾಯಲಿಕ್ಕುಂಟು?"

"ನಿಮ್ಮ ತಂಗಿ ಸುಂದರಿಯಕ್ಕ ಬರ್ತಾರಲ್ಲ?"

ಮಹಾಬಲ ಬೇಲಿಯ ಗೂಟವನ್ನು ಹಿಡಿದುಕೊಂಡ. "ಬಂದರೆ ನಾನು ಮಾಡಿದ ಬೊಜ್ಜ ಸುಳ್ಳಾಯಿತು. ಬದುಕಿದ್ದವನಿಗೆ ಎಲೆ ಬಡಿಸಿದ ಮನೆ ಎಂದು ಊರು ನಗುತ್ತದೆ. ಬಂದರೆ ನಿನ್ನ ಬೊಜ್ಜವನ್ನೂ ಮಾಡುತ್ತೇನೆ ಎಂದು ಅವಳಿಗೆ ಹೇಳಿಯೇ ಬಂದಿದ್ದೇನೆ."

ಕೋಯ ಮತ್ತೆ ಪಿಕ್ಕಾಸು ಎತ್ತಿದ. ಗದ್ದೆಯಾಚೆ ಮಹಾಬಲನ ಮನೆಯಲ್ಲಿ ಹೊಗೆ ಏಳುತ್ತಿತ್ತು. ಅಂದು ಆಟಿ ಅಮಾವಾಸ್ಯೆ. ತೀರಿಹೋದ ಹಿರಿಯರಿಗೆ ಮಧ್ಯಾಹ್ನ ಎಲೆ ಬಡಿಸಿ ಬಾಗಿಲು ಹಾಕುವ ದಿನ.

*

ದೂಮ ಕಳ್ಳು ಇಳಿಸುತ್ತಿದ್ದ ಕಾಲದಲ್ಲಿ ಅರ್ಧ ಮಾರುತ್ತಿದ್ದ, ಅರ್ಧ ಕುಡಿಯುತ್ತಿದ್ದ. ಕುಡಿದು ಬೈದರೆ ತೆಂಗಿನಕಾಯಿಗಳು ತಾವಾಗಿ ಉದುರುತ್ತಿದ್ದವು. ಒಂದು ಸಂಜೆ ಕುದಿಯುವ ಗಂಜಿಯ ಮಡಕೆಗೆ ಒದ್ದ. ಗಂಜಿಯೆಲ್ಲ ಅಕ್ಕ ಸುಂದರಿಯ ಬಲಗೈ ಮೇಲೆ ಬಿತ್ತು. ಮೊಣಕೈಯಿಂದ ಬೆರಳಿನವರೆಗೆ ಚರ್ಮ ಸುಲಿದು, ಗಾಯ ಮಾಗಿದ ಮೇಲೂ ಕೈ ಒಣಗಿದ ಹುಣಸೆ ಕೊಂಬೆಯ ಹಾಗೆ ಉಳಿಯಿತು.

ಆ ಕೈಯನ್ನು ದಿನಾ ನೋಡಲಾಗದೆ ಅವನು ಮನೆ ಬಿಟ್ಟ. ಮಳೆಗಾಲ ಕಳೆಯುವ ಹೊತ್ತಿಗೆ ಪಾದ್ರಿ ಅವನ ತಲೆಗೆ ನೀರು ಹಾಕಿ ತಿಮೊಥಿ ಎಂದು ಕರೆದಿದ್ದರು. ಅದೇ ವಾರ ಮಹಾಬಲ ಗೊಂಬೆ ಸುಟ್ಟ. ಮರ ಹತ್ತುತ್ತಿದ್ದವನು ಕಲ್ಲಿನ ಹೊಂಡಕ್ಕೆ ಇಳಿದ, ಕಳ್ಳನ್ನು ಮತ್ತೆ ಮೂಸಲಿಲ್ಲ.

ಮುಂದಿನ ಆಟಿ ಅಮಾವಾಸ್ಯೆಗೆ ಹಿರಿಯರ ಸಾಲಿನಲ್ಲಿ ದೂಮನಿಗೂ ಒಂದು ಎಲೆ ಬಿತ್ತು. ಬಾಗಿಲು ಹಾಕಿ ಎಲ್ಲರೂ ಅಂಗಳದಲ್ಲಿ ಕೂತರು. ತೆರೆದು ನೋಡಿದರೆ ಉಳಿದ ಎಲೆಗಳು ಬಡಿಸಿದ ಹಾಗೇ ಇವೆ, ದೂಮನ ಎಲೆಯಲ್ಲಿ ಮೀನಿನ ಮುಳ್ಳು ಮಾತ್ರ! ಸುದ್ದಿ ವರ್ಕಾಡಿ ದಾಟಿ ಹೋಯಿತು. "ಸತ್ತ ಬೇರೆಯವರ ಕುಲೆಗಳು ಮೂಸಿ ಹೋಗುತ್ತವೆ, ನಮ್ಮ ದೂಮನದ್ದು ಸತ್ತ ಮೇಲೂ ಅದೇ ಹೊಟ್ಟೆ," ಎಂದು ನೆಂಟರು ಕೈಮುಗಿದರು.

ಆ ಮನೆಯ ನಾಯಿ ಬೊಗಳಿದರೆ ಉಪ್ಪಳದಲ್ಲಿ ರೈಲು ನಿಲ್ಲುತ್ತಿತ್ತು. ಆದರೆ ವರ್ಷಕ್ಕೆ ಆ ಒಂದು ದಿನ ಮಹಾಬಲ ಅದನ್ನು ಅಂಗಳದ ದೂರದ ತೆಂಗಿಗೆ ಕಟ್ಟುತ್ತಿದ್ದ. ಕೇಳಿದರೆ, ಒಂದು ವರ್ಷ ಅದಕ್ಕೆ ಕಾಲುನೋವು, ಇನ್ನೊಂದು ವರ್ಷ ಹುಚ್ಚಿನ ಸಂಶಯ.

ಹಿಂಬಾಗಿಲಿನ ಅಗಳಿ ತೆಗೆದಿಡುತ್ತಿದ್ದವಳು ಸುಂದರಿ. ಮೊದಲ ವರ್ಷ, ಅಂಗಳದವರ ಕಣ್ಣು ತಪ್ಪಿಸಿ ಅವಳು ಒಳಗೆ ಕತ್ತಲೆಯ ಮೂಲೆಯಲ್ಲೇ ಕೂತಿದ್ದಳು. ಹಿಂಬಾಗಿಲಿನಿಂದ ತಿಮೊಥಿ ಬಂದು ದೂಮನ ಎಲೆಯ ಮುಂದೆ ಕೂತ.

"ದೂಮ ಸತ್ತ ಅಂತಾನೆ ಅಣ್ಣ," ಎಂದಳು ಪಿಸುದನಿಯಲ್ಲಿ.

"ಸತ್ತದ್ದು ಹೌದು, ಅಕ್ಕ. ಪಾದ್ರಿ ಅಯ್ಯ ಹೇಳುವುದೂ ಅದನ್ನೇ. ಹಳೆಯವ ಸತ್ತ, ನೀರಿನಲ್ಲಿ ಹೊಸಬ ಹುಟ್ಟಿದ ಅಂತ. ಆ ಒಂದು ವಿಷಯದಲ್ಲಿ ಅವರಿಬ್ಬರಿಗೂ ಜಗಳ ಇಲ್ಲ."

ಅವಳು ಸುಟ್ಟ ಕೈಯನ್ನು ಅವನ ಮುಂದೆ ಚಾಚಿದಳು. "ಹಾಗಾದರೆ ಇದನ್ನು ಮಾಡಿದವ?"

ಅವನು ತುತ್ತನ್ನು ಎಲೆಯ ಮೇಲೆ ಇಟ್ಟ. ಆ ಕೈಯನ್ನೇ ನೋಡಿದ.

"ಅದು ದೂಮ. ಸತ್ತವನಿಗೆ ಬಾಯಿ ಇಲ್ಲವಲ್ಲ. ತಪ್ಪಾಯಿತು ಅಂತ ಹೇಳುವ ಕೆಲಸ ನನಗೆ ಬಿತ್ತು. ತಪ್ಪಾಯಿತು, ಅಕ್ಕ."

ಆಚೆ ಅಂಗಳದಲ್ಲಿ ಮಹಾಬಲ ಕೆಮ್ಮಿದ. ಸುಂದರಿ ಅದೇ ಕೈಯಿಂದ ಇನ್ನೊಂದು ಸೌಟು ಅನ್ನ ಬಡಿಸಿದಳು.

*

"ಕುಲೆಗೆ ಇಟ್ಟದ್ದನ್ನು ಅವ ಉಣ್ಣುತ್ತಿದ್ದದ್ದು ನಿಮಗೆ ಗೊತ್ತುಂಟಾ, ಅಯ್ಯ?" ಕೋಯ ಗುಂಡಿಯಿಂದ ಮೇಲೆ ಬಂದು ಮೆಲ್ಲಗೆ ಕೇಳಿದ.

"ಪ್ರತಿ ಆಟಿಯಲ್ಲೂ ಅವನೇ ಬಂದು ಹೇಳುತ್ತಿದ್ದ. ಮೊದಲ ವರ್ಷ ಬೈದೆ. ಎರಡನೆಯ ವರ್ಷವೂ ಬೈದೆ. ಆಮೇಲೆ, ಅಕ್ಕ ಹೇಗಿದ್ದಾರೆ ಎಂದು ಕೇಳಲಿಕ್ಕೆ ಶುರುಮಾಡಿದೆ."

ಮಧ್ಯಾಹ್ನ ದಾಟಿತು. ಪೆಟ್ಟಿಗೆಯನ್ನು ಹಗ್ಗ ಕೊಟ್ಟು ಇಳಿಸಿದರು. ಪಾದ್ರಿ ಪುಸ್ತಕ ತೆರೆದರು, ಮುಚ್ಚಿದರು.

ಆಗ ಗದ್ದೆಯ ಕಿರಿದಾದ ಹುಣಿಯ ಮೇಲೆ ನಡೆದು ಬರುತ್ತಿದ್ದ ಸುಂದರಿ ಕಂಡಳು. ಎರಡೂ ಕೈಗಳಲ್ಲಿ ತುಂಬಿದ ಬಾಳೆಲೆ. ಹಿಂದೆ, ಹಿರಿಯರಿಗೆ ಬಡಿಸಲು ಬಂದಿದ್ದ ನೆಂಟರು, ಹೆಂಗಸರು, ಹಸುಗೂಸುಗಳು ಸಹಿತ. ಸಾಲು ಮದರಾಸು ಮೇಲ್ ರೈಲಿಗಿಂತ ಉದ್ದವಿತ್ತು.

ಅವಳು ಅಣ್ಣನ ಮುಂದೆ ನಿಂತಳು.

"ಬಾಗಿಲು ತೆರೆದೆ, ಅಣ್ಣ. ಎಲೆ ಹೀಗೇ ಉಂಟು. ಒಂದು ಅಗುಳೂ ಮುಟ್ಟಲಿಲ್ಲ. ಇಷ್ಟು ವರ್ಷ ಸತ್ತವ ಬಂದು ಉಂಡ. ಇವತ್ತು ಬರಲಿಲ್ಲ."

"ನಾನು ಹೇಳಿದ್ದು ನೆನಪುಂಟಲ್ಲ?" ಎಂದ ಮಹಾಬಲ.

"ಉಂಟು. ನನ್ನ ಬೊಜ್ಜ ಮಾಡು. ಆದರೆ ಒಂದು ಹೇಳು. ಬೆಳಿಗ್ಗೆ ಹೊರಡುವ ಮೊದಲು ನಾಯಿಯನ್ನು ಕಟ್ಟಿದಿ. ಇವತ್ತು ನೆವವನ್ನೂ ಹೇಳಲಿಲ್ಲ. ಯಾರು ಬರುತ್ತಾರೆ ಎಂದು ಕಟ್ಟಿದ್ದು?"

ಮಹಾಬಲ ಬಾಯಿ ತೆರೆದ. ಏಳು ಊರಿನ ಪಂಚಾಯಿತಿಯನ್ನು ಮಾತಿನಲ್ಲೇ ಮಣಿಸಿದ ಬಾಯಿ ಅದು. ಅದನ್ನು ಹೆಗಲ ವಸ್ತ್ರದಿಂದ ಮುಚ್ಚಿಕೊಂಡ.

ಸುಂದರಿ ಎಲೆಯನ್ನು ಬೇಲಿಯ ಹೊರಗೆ ಕಲ್ಲಿನ ಮೇಲೆ ಇಟ್ಟಳು. "ಇದು ಒಳಗೆ ಬೇಡ, ಅಯ್ಯ. ನಿಮ್ಮ ಕ್ರಮ ಅವ ಹೇಳಿದ್ದ," ಎಂದು ಒಳಗೆ ಹೋಗಿ, ಸುಟ್ಟ ಬಲಗೈ ತುಂಬ ಕೆಂಪು ಮಣ್ಣು ತೆಗೆದು ಗುಂಡಿಗೆ ಬಿಟ್ಟಳು. ಪೆಟ್ಟಿಗೆಯ ಮೇಲೆ ಅದು ಮೆಲ್ಲಗೆ ಸದ್ದು ಮಾಡಿತು.

ಬೇಲಿಯ ಗೂಟ ಅಲುಗಿತು. ಮಹಾಬಲ ದಾಟಿ ಬಂದು ಅವಳ ಪಕ್ಕದಲ್ಲಿ ಬಗ್ಗಿದ. ಮುಷ್ಟಿಯಲ್ಲಿ ಮಣ್ಣು ಹಿಡಿದವನು ಬಿಡದೆ ಹಾಗೇ ಕೂತ.

"ಬಿಡಿ, ಮಹಾಬಲಣ್ಣ," ಎಂದ ಕೋಯ.

ಗದ್ದೆಯಾಚೆ ನಾಯಿ ಒಂದೇ ಸಮನೆ ಬೊಗಳುತ್ತಿತ್ತು. ಬಿಚ್ಚಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ.