ಮುಚ್ಚಳದ ಪ್ರಿಂಟರು

ಹೊಟ್ಟೆಕಿಚ್ಚು ಯಾರಿಗಿಲ್ಲ ಹೇಳಿ? ಆದರೆ ಕೆಲಗೇರಿಯ ಶಿವಬಸವ್ವನ ಹೊಟ್ಟೆಯಲ್ಲಿ ಎದ್ದ ಕಿಚ್ಚಿಗೆ ಒಂದು ಪಾತ್ರೆ ಇಟ್ಟಿದ್ದರೆ ಇಡೀ ಓಣಿಗೆ ಚಹಾ ಕಾಯುತ್ತಿತ್ತು. ಅದೂ ಯಾತರ ಸಲುವಾಗಿ? ಒಂದು ಹಾಳೆಯ ಸಲುವಾಗಿ.

ಓಣಿಯಲ್ಲಿ ಸೋಮವಾರ ಸಂಜೆಯ ಹಾಡು ಅಂದರೆ ಶಿವಬಸವ್ವನ ಮನೆ, ಅದನ್ನು ಯಾರೂ ಕೇಳಬೇಕಾಗಿರಲಿಲ್ಲ. ಹೆಂಗಸರು ಮನೆಗೆಲಸ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಅವಳ ಪಡಸಾಲೆಯಲ್ಲಿ ಕೂಡುತ್ತಿದ್ದರು. ಅವರಲ್ಲಿ ಒಬ್ಬರಿಗೂ ಪೂರ್ತಿ ಹಾಡು ಬಾಯಿಗೆ ಬರುತ್ತಿರಲಿಲ್ಲ, ಬರಬೇಕಂತಲೂ ಇರಲಿಲ್ಲ. ಶಿವಬಸವ್ವ ಒಂದು ಸಾಲು ಹೇಳಬೇಕು, ಉಳಿದವರು ಅವಳ ಬಾಯಿ ನೋಡುತ್ತ ಅದನ್ನು ಎತ್ತಿಕೊಳ್ಳಬೇಕು. ಅವಳ ತಾಯಿ ಹೀಗೆಯೇ ಹೇಳಿಕೊಟ್ಟಿದ್ದಳು. ಅಷ್ಟೊಂದು ಕಣ್ಣುಗಳು ತನ್ನ ಮುಖದ ಮೇಲೆ ಇರುತ್ತಿದ್ದ ಆ ಹೊತ್ತೇ ಶಿವಬಸವ್ವನಿಗೆ ವಾರದ ಹಬ್ಬ. ಉಳಿದ ದಿನ ಮನೆಯಲ್ಲಿ ಅವಳ ಮಾತು ಕೇಳುವವರು ಯಾರು? ಮಗ ಕುಮಾರಸ್ವಾಮಿ ಮೊಬೈಲ್ ನೋಡುತ್ತಲೇ ಹೂಂಗುಟ್ಟುತ್ತಿದ್ದ. ಸೊಸೆಯಂತೂ ಅತ್ತೆ ಬಾಯಿ ತೆರೆದಾಗಲೇ ಮಿಕ್ಸರ್ ಹಚ್ಚುತ್ತಿದ್ದಳು.

ಇಂಥ ಸೋಮವಾರಕ್ಕೆ ಕಣ್ಣು ಹಾಕಿದವಳು ರಾಜೇಶ್ವರಿ. ಸಾಲಿ ಮಾಸ್ತರಿಕೆಯಿಂದ ನಿವೃತ್ತಳಾಗಿ ಹಿಂದಿನ ಓಣಿಗೆ ಹೊಸದಾಗಿ ಬಂದವಳು. ಶಿವಬಸವ್ವ ಜ್ವರ ಬಂದು ಮಲಗಿದ್ದಾಗ, 'ಇದೊಂದು ವಾರ ನಮ್ಮ ಮನೆಯಲ್ಲಿ ಕೂಡೋಣ' ಎಂದು ಎಲ್ಲರನ್ನೂ ಕರೆದಳು. ಅವಳ ಮನೆಯಲ್ಲಿ ಒಂದು ಪ್ರಿಂಟರ್ ಇತ್ತು. ಅದರಲ್ಲಿ ಹಾಡನ್ನು ದಪ್ಪ ಅಕ್ಷರದಲ್ಲಿ ತೆಗೆದು ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟಳು. ಮುಗಿಯಿತು! ಶಿವಬಸವ್ವನ ಜ್ವರ ಇಳಿಯಿತು, ಆದರೆ ಸೋಮವಾರ ಮಾತ್ರ ತಿರುಗಿ ಬರಲಿಲ್ಲ. ಕದ ತೆಗೆದಿಟ್ಟು, ಜಮಖಾನೆ ಹಾಸಿಕೊಂಡು ಅವಳು ಕತ್ತಲಾಗುವ ತನಕ ಕೂತಳು. ಒಂದು ಬೆಕ್ಕೂ ಬರಲಿಲ್ಲ.

ಮರುವಾರ ಮಾನ ಬಿಟ್ಟು ತಾನೇ ರಾಜೇಶ್ವರಿಯ ಮನೆಗೆ ಹೋದಳು. ಬಾಗಿಲಲ್ಲೇ ರಾಜೇಶ್ವರಿ ನಕ್ಕು ಕೈಗೊಂದು ಹಾಳೆ ಕೊಟ್ಟಳು.

"ಅಮ್ಮಾರ, ನಿಮಗೂ ಒಂದು ತೊಗೋರಿ. ದಪ್ಪ ಅಕ್ಷರ ಮಾಡೇನಿ, ಚಾಳೀಸು ಇಲ್ಲದಿದ್ರೂ ಓದಾಕ ಬರತೈತಿ."

ಕೇಳಿದಿರಾ? ಶಿವಬಸವ್ವನಿಗೆ ಹಾಳೆ! ಅವಳ ಮೈಯೆಲ್ಲ ಉರಿದುಹೋಯಿತು. ರಾಜೇಶ್ವರಿ ಕೆಟ್ಟವಳಾಗಿದ್ದರೆ ಒಂದೆರಡು ಮಾತಾಡಿ ಹಗುರಾಗಬಹುದಿತ್ತು. ಆದರೆ ಆ ಹೆಂಗಸು ಮಾತಿನಲ್ಲಿ ಬೆಣ್ಣೆ, ನಡತೆಯಲ್ಲಿ ಬಂಗಾರ. ಬೈಯಲು ಒಂದು ಎಳೆಯೂ ಸಿಗುತ್ತಿರಲಿಲ್ಲ, ಅದೇ ಇನ್ನಷ್ಟು ಉರಿ.

ಹಿಂದಿರುಗುವಾಗ ಪಕ್ಕದ ಮನೆಯ ಸತ್ಯವ್ವ ಜೊತೆಗಿದ್ದಳು. ಹೆಬ್ಬಳ್ಳಿಯಿಂದ ಮದುವೆಯಾಗಿ ಬಂದ ದಿನದಿಂದ ಶಿವಬಸವ್ವನ ಜೀವದ ಗೆಳತಿ.

"ಹಾಳಿ ಇದ್ರ ಆರಾಮ ಬಿಡವಾ," ಅಂದಳು ಸತ್ಯವ್ವ. "ಮುಂದಿನ ಸಾಲು ಏನಂತ ನಿನ್ನ ಮಾರಿ ನೋಡ್ಕೋತ ಕುಂದ್ರೂದು ತಪ್ಪತು."

"ನನ್ನ ಮಾರಿ ನೋಡೂದು ಅಷ್ಟು ತ್ರಾಸ ಆಗಿತ್ತೇನ ನಿಮಗ?"

"ಅಯ್ಯ, ನಾ ಹಂಗಂದ್ನೆನ?"

ಶಿವಬಸವ್ವ ಅವಳನ್ನು ಬಿಟ್ಟು ದಾಪುಗಾಲು ಹಾಕಿದಳು. ಆ ರಾತ್ರಿ ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ರಾಜೇಶ್ವರಿಯ ಪಡಸಾಲೆಯಲ್ಲಿ ಕೂತ ಹೆಂಗಸರೆಲ್ಲ ಕಣ್ಣ ಮುಂದೆ ಬಂದು, ತನ್ನದನ್ನು ತನ್ನಿಂದ ಕಸಿದುಕೊಂಡರು ಅನ್ನಿಸಿತು. ಬೆಳಗಾಗುವಷ್ಟರಲ್ಲಿ ತೀರ್ಮಾನ ಗಟ್ಟಿಯಾಗಿತ್ತು.

"ಕುಮಾರ, ನಮ್ಮನಿಗೂ ಒಂದು ಪ್ರಿಂಟರ್ ಬೇಕು."

ಕುಮಾರಸ್ವಾಮಿಗೆ ಆಶ್ಚರ್ಯವಾಯಿತು. ತಾರಿಹಾಳದ ತನ್ನ ಲೇತ್ ವರ್ಕ್‌ಶಾಪಿನ ಬಿಲ್ಲು ತೆಗೆಯಲು ಮನೆಯಲ್ಲೊಂದು ಚಿಕ್ಕ ಪ್ರಿಂಟರ್ ಇರಲಿ ಎಂದು ಅವನು ಹೇಳಿದಾಗಲೆಲ್ಲ, 'ಯಾಕ ಸುಮ್ಮನ' ಎಂದು ಮೂಗು ಮುರಿದವಳೇ ಇವಳು. ತಾಯಿಯ ಮನಸ್ಸು ತಿರುಗುವ ಮೊದಲೇ ಚಿಗರಿ ಬಸ್ಸು ಹತ್ತಿಸಿಕೊಂಡು ಹುಬ್ಬಳ್ಳಿಗೆ ಹೊರಟ.

ಅಲ್ಲಿ ಕಂಪ್ಯೂಟರ್ ಅಂಗಡಿಯ ಇಸ್ತಿಯಾಕ ಕುರ್ಚಿ ಕೊಟ್ಟು, ನೀರು ಕೊಟ್ಟು ಮಾತಾಡಿಸಿದ. ಕುಮಾರಸ್ವಾಮಿ ಒಂದು ಸಣ್ಣ ಪ್ರಿಂಟರಿನ ಮೇಲೆ ಕೈಯಿಟ್ಟ.

"ಇದ ನೋಡವಾ. ಲೇಸರ್. ಕರೀ ಅಕ್ಷರ ಅಷ್ಟ ಬರತೈತಿ, ಖರೇ, ಆದ್ರ ತಿಂಗಳಾನಗಟ್ಟಲೆ ಸುಮ್ಮನ ಇಟ್ರೂ ಏನೂ ಆಗೂದಿಲ್ಲ. ನನಗ ಇಷ್ಟ ಸಾಕು."

ಶಿವಬಸವ್ವ ಅದನ್ನು ಮೇಲಿಂದ ಕೆಳಗೆ ನೋಡಿ, ಇಸ್ತಿಯಾಕನ ಕಡೆ ತಿರುಗಿದಳು. "ತಮ್ಮಾ, ಕೆಲಗೇರ್ಯಾಗ ರಾಜೇಶ್ವರಿ ಟೀಚರ್ ಅಂತ ಅದಾರ. ಅವರು ಯಾವದು ಒಯ್ದಾರ ಗೊತ್ತೇನ?"

"ಗೊತ್ತಿಲ್ಲದ ಏನ್ರಿ ಅಮ್ಮಾ! ನಮ್ಮಲ್ಲೇ ಒಯ್ದಾರ. ಇದ ನೋಡ್ರಿ, ಈಗ ಅಣ್ಣಾರು ಕೈ ಇಟ್ಟಾರಲ್ಲ, ಅದ."

ಕುಮಾರಸ್ವಾಮಿಯ ಕೈ ಇನ್ನೂ ಅದರ ಮೇಲೇ ಇತ್ತು. ಬಿಸಿ ಹಂಚಿನ ಮೇಲಿಂದ ಮಗುವಿನ ಕೈ ಎಳೆಯುವಂತೆ ಶಿವಬಸವ್ವ ಅದನ್ನು ಎಳೆದಳು.

"ಅದು ಬ್ಯಾಡ! ಅದರಾಗ ಇಲ್ಲದ್ದು ಇರೂ ಅಂಥಾದ್ದು ತೋರ್ಸು."

ಇಸ್ತಿಯಾಕ ವ್ಯಾಪಾರಸ್ಥ. ಅವನಿಗೆ ರೋಗ ಅರ್ಥವಾಯಿತು, ಔಷಧವೂ ಅಂಗಡಿಯಲ್ಲಿತ್ತು. ಮೂಲೆಯ ದೊಡ್ಡದೊಂದನ್ನು ತಂದಿಟ್ಟು ಅದರ ಮೇಲಿನ ಮುಚ್ಚಳ ಎತ್ತಿದ. ಒಳಗೆ ಹೊಳೆಯುವ ಗಾಜು.

"ಈ ಗಾಜಿನ ಮ್ಯಾಲೆ ಹಾಳಿ ಬೋರಲ ಇಡ್ರಿ, ಮುಚ್ಚಳ ಹಾಕ್ರಿ, ಈ ಗುಂಡಿ ಒತ್ತರಿ. ಅಂಥಾದ್ದ ಇನ್ನೊಂದು ಹೊರಗ ಬರತೈತಿ. ಕಂಪ್ಯೂಟರ್ ಬ್ಯಾಡ, ಮೊಬೈಲ್ ಬ್ಯಾಡ. ನೀವ ಸ್ವಂತ ತಗೀಬಹುದು."

"ಟೀಚರ್ ಹತ್ರ ಇದ್ದದ್ದಕ್ಕ ಮುಚ್ಚಳ ಐತೇನ?"

"ಇಲ್ರಿ."

"ಬಣ್ಣ ಬರತೈತೇನ?"

"ಅದರಾಗ ಇಲ್ರಿ. ಇದರಾಗ ಎಲ್ಲಾ ಬಣ್ಣ ಬರತಾವ."

"ಕಟ್ಟು!"

"ಅವ್ವಾ, ತಡಿ," ಕುಮಾರಸ್ವಾಮಿ ಗೋಗರೆದ. "ಇದಕ್ಕ ಶಾಯಿ ತುಂಬಬೇಕು. ಭಾಳ ದಿನ ಹಚ್ಚದ ಬಿಟ್ರ ಒಣಗತೈತಿ."

"ಅದು ಖರೇರಿ," ಇಸ್ತಿಯಾಕ ಒಪ್ಪಿಕೊಂಡ. "ವಾರಕ್ಕೊಮ್ಮೆಯಾದ್ರೂ ಹಚ್ಚಬೇಕು."

"ವಾರಕ್ಕೊಮ್ಮೆ ಸೋಮವಾರ ಬಂದ ಬರತೈತಿ," ಅಂದಳು ಶಿವಬಸವ್ವ. ಕುಮಾರಸ್ವಾಮಿ ಕಿಸೆಗೆ ಕೈ ಹಾಕಿದ.

ಪೆಟ್ಟಿಗೆ ಮನೆಗೆ ಬಂದ ಸುದ್ದಿ ಓಣಿಗೆಲ್ಲ ಮುಟ್ಟುವಂತೆ ಶಿವಬಸವ್ವ ನೋಡಿಕೊಂಡಳು. ಮನೆಮನೆಗೆ ಹೋಗಿ, 'ಸೋಮವಾರ ನಮ್ಮಲ್ಲೆ ಮಿಷನ್ ಪೂಜಿ, ಹಾಡೂ ನಮ್ಮಲ್ಲೇ, ಹಾಳಿ ಬಣ್ಣದ್ದು' ಎಂದು ಹೇಳಿ ಬಂದಳು. 'ಬಣ್ಣದ್ದು' ಎನ್ನುವಾಗ ದನಿ ಸ್ವಲ್ಪ ಎತ್ತರಿಸುತ್ತಿದ್ದಳು. ರಾಜೇಶ್ವರಿಯ ಮನೆಯ ಮುಂದೆ ಇನ್ನೂ ಸ್ವಲ್ಪ ಎತ್ತರಿಸಿದಳು.

ರವಿವಾರ ಕುಮಾರಸ್ವಾಮಿಯನ್ನು ಕೂರಿಸಿಕೊಂಡು ತನ್ನ ತಾಯಿಯ ಹಾಡೊಂದನ್ನು ಬಾಯಿಂದ ಹೇಳಿ ಬರೆಸಿದಳು. ರಾಜೇಶ್ವರಿ ಕೊಟ್ಟ ಹಾಳೆಯಿಂದ ತೆಗೆಯುವುದೇ? ಛೀ, ಪ್ರಾಣ ಹೋದರೂ ಇಲ್ಲ! ಪಲ್ಲವಿ ಕೆಂಪು ಪೆನ್ನಿನಲ್ಲಿ, ಉಳಿದದ್ದು ನೀಲಿಯಲ್ಲಿ, ಅಕ್ಷರ ಹುಣಸೆಬೀಜದಷ್ಟು ದಪ್ಪ. ಕುಮಾರಸ್ವಾಮಿ ಅದನ್ನು ಗಾಜಿನ ಮೇಲಿಟ್ಟು ಗುಂಡಿ ಒತ್ತಿದ. ಗುರುಗುಟ್ಟುತ್ತ ಇನ್ನೊಂದು ಹಾಳೆ ಹೊರಬಂತು, ಕೆಂಪಿಗೆ ಕೆಂಪು, ನೀಲಿಗೆ ನೀಲಿ.

"ಛಲೋ ಬಂತು ನೋಡು," ಅಂದ ಕುಮಾರಸ್ವಾಮಿ. "ನಾಳೆ ನಾ ಲಗೂ ವರ್ಕ್‌ಶಾಪಿಗೆ ಹೋಗತೇನಿ. ನೀನ ಗುಂಡಿ ಒತ್ತಿ ಎಷ್ಟು ಬೇಕು ತಕ್ಕೊ."

ಸೋಮವಾರ ಬೆಳಿಗ್ಗೆ ಶಿವಬಸವ್ವ ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಕಲಸಿಕೊಂಡು ಪ್ರಿಂಟರಿನ ಮುಂದೆ ನಿಂತಳು. ಬೈಕು, ಲೇತು, ಮಿಕ್ಸರು, ಈ ಮನೆಯ ಯಾವ ಮಿಷನ್ನೂ ವಿಭೂತಿ ಇಲ್ಲದೆ ತಿರುಗಿದ್ದಿಲ್ಲ. ಆದರೆ ಸೊಸೆಗೊಂದು ಕೆಟ್ಟ ಚಾಳಿ. ಮಿಕ್ಸರಿಗೆ ಹಚ್ಚಿದ್ದನ್ನು 'ಕಲೆ ಬೀಳುತ್ತದೆ' ಎಂದು ಅದೇ ದಿನ ಒರೆಸಿ ಒಗೆದಿದ್ದಳು. ಕರಿಯ ಮುಚ್ಚಳದ ಮೇಲೆ ಹಚ್ಚಿದರೆ ಇದಕ್ಕೂ ಅದೇ ಗತಿ. ಯೋಚಿಸಿದ ಶಿವಬಸವ್ವ ಮುಚ್ಚಳ ಎತ್ತಿ, ಹಾಳೆ ಬದಿಗಿಟ್ಟು, ಗಾಜಿನ ನಡುವೆ ಈ ಕಡೆಯಿಂದ ಆ ಕಡೆಗೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ಈಗ ಒರೆಸಲಿ ನೋಡೋಣ! ಅದು ಒಣಗಿ ಬೆಳ್ಳಗೆ ಎದ್ದು ಕಂಡ ಮೇಲೆ ಕೈ ಮುಗಿದು, ಹಾಳೆ ಬೋರಲಿಟ್ಟು ಮುಚ್ಚಳ ಹಾಕಿದಳು.

ಗುಂಡಿ ಒತ್ತಿದಳು, ಹಾಳೆ ಬಂತು. ಮತ್ತೆ ಒತ್ತಿದಳು, ಮತ್ತೆ ಬಂತು. ಅಬ್ಬಾ, ಆ ಸಡಗರ! ಚಾಳೀಸು ಎಲ್ಲಿದೆಯೆಂದು ಹುಡುಕುವಷ್ಟು ತಾಳ್ಮೆ ಯಾರಿಗಿತ್ತು? ಮೇಲೆ ಕೆಂಪು ಕಂಡಿತು, ಕೆಳಗೆ ನೀಲಿ ಕಂಡಿತು, ಅಷ್ಟು ಸಾಕಾಯಿತು. 'ಹೊಟ್ಟಿ ಉರಕೊಳ್ಳಲಿ ಟೀಚರು' ಅಂದುಕೊಳ್ಳುತ್ತ ಹಾಳೆಗಳನ್ನು ಒಪ್ಪವಾಗಿ ಜೋಡಿಸಿ ದೇವರ ಮುಂದಿಟ್ಟಳು.

ಸಂಜೆ ಪಡಸಾಲೆ ತುಂಬಿತು. ಚಪ್ಪಲಿಗಳು ಕಟ್ಟೆಯ ಕೆಳಗಿನವರೆಗೂ ಬಂದವು. ರಾಜೇಶ್ವರಿಯೂ ಬಂದಳು, ಮಿಷನ್ನಿಗೆಂದು ಸೇವಂತಿಗೆ ಮಾಲೆ ಬೇರೆ ತಂದಿದ್ದಳು.

"ಎಷ್ಟು ಛಂದ ಐತ್ರಿ ಅಮ್ಮಾರ! ನಮ್ಮದರಾಗ ಬಣ್ಣ ಬರೂದಿಲ್ಲ ನೋಡ್ರಿ."

"ಹೌದೇನ್ರಿ? ನನಗ ಗೊತ್ತ ಇದ್ದಿಲ್ಲ," ಅಂದಳು ಶಿವಬಸವ್ವ. ಆ ಸುಖ ಅವಳಿಗೆ ಪಾಯಸ ಉಂಡಂತಾಯಿತು.

ಎಲ್ಲರ ಕೈಗೂ ಹಾಳೆ ಸೇರಿತು. ಶಿವಬಸವ್ವ ತನ್ನ ಹಳೆಯ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತು, ಪಲ್ಲವಿ ಎತ್ತಿದಳು. ಎತ್ತಿದ್ದೇ ತಡ, ಇಡೀ ಪಡಸಾಲೆ ಅವಳ ಜೊತೆಗೇ ಹಾಡತೊಡಗಿತು. ಅವಳು ಸಾಲು ಹೇಳಿ ಬಿಡುವುದನ್ನು ಯಾರೂ ಕಾಯಲಿಲ್ಲ. ಎರಡನೆಯ ಸಾಲಿಗೆ ಅವಳಿಗಿಂತ ಮೊದಲೇ ಹೋದರು. ಉಸಿರು ತೆಗೆದುಕೊಳ್ಳಲು ಅವಳು ನಿಂತಳು, ಹಾಡು ನಿಲ್ಲಲಿಲ್ಲ.

ಶಿವಬಸವ್ವ ಸುತ್ತಲೂ ನೋಡಿದಳು. ಒಂದು ಮುಖವೂ ಕಾಣಲಿಲ್ಲ. ಎಲ್ಲರ ತಲೆ ಕೆಳಗೆ, ಕಣ್ಣು ಹಾಳೆಯ ಮೇಲೆ. ಕಂಡದ್ದು ಬರೀ ಬೈತಲೆಗಳು, ನರೆತವು ಕೆಲವು, ಕರಿಯವು ಕೆಲವು. ಜೀವದ ಗೆಳತಿ ಸತ್ಯವ್ವ ಕೂಡ ಹಾಳೆಯ ಮೇಲೆ ಬೆರಳಿಟ್ಟುಕೊಂಡು ಓದುತ್ತಿದ್ದಳು. ಸೋಮವಾರ ಮನೆಗೆ ಬಂದಿತ್ತು, ಹಾಡು ತಾಯಿಯದೇ ಇತ್ತು, ತಾನು ಮಾತ್ರ ಯಾರಿಗೂ ಬೇಕಾಗಿರಲಿಲ್ಲ.

ಆಗ ಅವಳ ಹೊಟ್ಟೆಯಲ್ಲಿ ಎದ್ದ ಕಿಚ್ಚಿನ ಮುಂದೆ ರಾಜೇಶ್ವರಿಯ ಮೇಲಿನದು ಏನೂ ಅಲ್ಲ. ಆ ಹಾಳೆಗಳ ಮೇಲೆಯೇ ಹೊಟ್ಟೆಕಿಚ್ಚು ಬಂತು. ತನ್ನನ್ನು ನೋಡಬೇಕಾದ ಕಣ್ಣುಗಳು ಅವನ್ನು ನೋಡುತ್ತಿದ್ದವು. ಎದ್ದು ಒಂದೊಂದನ್ನೂ ಕಸಿದು ಒಲೆಗೆ ಹಾಕಬೇಕು ಅನ್ನಿಸಿತು. ಆದರೆ ತಂದವಳು ಯಾರು? ತಾನೇ. ಮುಚ್ಚಳ ಬೇಕು, ಬಣ್ಣ ಬೇಕು ಎಂದು ಹಟ ಹಿಡಿದು, ಮಗನ ಮಾತು ಮೀರಿ, ಕಟ್ಟಿಸಿಕೊಂಡು ತಂದವಳು ತಾನೇ. ಹಾಡುವುದನ್ನು ಬಿಟ್ಟು ಸೆರಗಿನ ಅಂಚು ಹಿಡಿದು ಸುಮ್ಮನೆ ಕೂತಳು. ಬಿಟ್ಟದ್ದು ಯಾರಿಗೂ ತಿಳಿಯಲೂ ಇಲ್ಲ.

ಒಮ್ಮೆಲೇ ಹಾಡು ನಿಂತಿತು.

"ಅಯ್ಯ, ಮುಂದ?" ಅಂದಳು ಸತ್ಯವ್ವ, ಹಾಳೆಯನ್ನು ಹಿಂದೆ ಮುಂದೆ ತಿರುಗಿಸುತ್ತ. "ಇಲ್ಲೆ ಏನೂ ಇಲ್ಲವಾ!"

"ನನ್ನದರಾಗೂ ಇಲ್ಲ," ಅಂದಳು ಇನ್ನೊಬ್ಬಳು.

ರಾಜೇಶ್ವರಿ ಹಾಳೆಯನ್ನು ಬೆಳಕಿಗೆ ಹಿಡಿದಳು. "ನಡುವ ಮೂರು ಪಟ್ಟಿ ಖಾಲಿ ಐತ್ರಿ. ಬೆಳ್ಳಗ."

ಮೂರು ಪಟ್ಟಿ! ಶಿವಬಸವ್ವ ತನ್ನ ಬಲಗೈಯ ಮೂರು ಬೆರಳುಗಳನ್ನು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಇನ್ನೂ ಸ್ವಲ್ಪ ವಿಭೂತಿ ಇತ್ತು. ತಲೆಯೆತ್ತಿದರೆ, ಪಡಸಾಲೆಯ ಮುಖಗಳೆಲ್ಲ ಎದ್ದಿದ್ದವು. ಎಲ್ಲ ಕಣ್ಣುಗಳೂ ಅವಳ ಬಾಯಿಯ ಮೇಲಿದ್ದವು, ರಾಜೇಶ್ವರಿಯದೂ.

ಶಿವಬಸವ್ವ ಅವಸರ ಮಾಡಲಿಲ್ಲ. ಸೆರಗು ಸರಿ ಮಾಡಿಕೊಂಡಳು, ಗಂಟಲು ಸರಿ ಮಾಡಿಕೊಂಡಳು, ಅವರನ್ನು ಇನ್ನೊಂದಿಷ್ಟು ಕಾಯಿಸಿದಳು. ಆಮೇಲೆ ಎತ್ತಿದಳು.

"ಕದಾ ತಗದು ಕುಂತೇನಿ, ಬಾರೊ ನನ್ನ ಗುರುವೆ..."

ಪಡಸಾಲೆ ಅದನ್ನು ಎತ್ತಿಕೊಂಡಿತು. ಅವಳು ಮುಂದಿನ ಸಾಲು ಹೇಳಿದಳು, ಅವರು ಅವಳ ತುಟಿ ನೋಡುತ್ತ ಅದನ್ನೂ ಎತ್ತಿಕೊಂಡರು. ಮೂರನೆಯದನ್ನೂ. ಹಾಳೆಯಲ್ಲಿ ಅಕ್ಷರ ಮತ್ತೆ ಶುರುವಾದರೂ ಸತ್ಯವ್ವ ಕೆಳಗೆ ನೋಡಲು ಮರೆತಿದ್ದಳು. ಶಿವಬಸವ್ವನ ಕಣ್ಣು ತುಂಬಿ ಬಂತು, ದನಿ ಮಾತ್ರ ನಡುಗಲಿಲ್ಲ.

ಎಲ್ಲ ಮುಗಿದು ಹೊರಡುವಾಗ ರಾಜೇಶ್ವರಿ ಮೆಲ್ಲಗೆ ಕೇಳಿದಳು, "ಅಮ್ಮಾರ, ಆ ಸಾಲು ನೀವು ಹೇಳಿಕೊಡಬೇಕಂತ ಬೇಕಂತನ ಬಿಟ್ಟಿದ್ರೇನ್ರಿ? ಭಾಳ ಛಲೋ ವಿಚಾರ್ರಿ. ಮುಂದಿನ ವಾರಾನೂ ಇಲ್ಲೇ ಕೂಡೂಣು."

"ಹೂಂ ಮತ್ತ, ಎಲ್ಲಾ ಹಾಳ್ಯಾಗ ಹಾಕಿದ್ರ ಹೆಂಗ?" ಅಂದಳು ಶಿವಬಸವ್ವ, ಕಣ್ಣು ಮಿಟುಕಿಸದೆ.

ಸ್ವಲ್ಪ ಹೊತ್ತಿಗೆ ಕುಮಾರಸ್ವಾಮಿ ಬಂದ. ಬಿಲ್ಲಿನ ಪ್ರತಿ ತೆಗೆಯಲೆಂದು ಮುಚ್ಚಳ ಎತ್ತಿ, ಹಾಡಿನ ಹಾಳೆ ತೆಗೆದವನು ಹಾಗೇ ನಿಂತ.

"ಅವ್ವಾ! ಗಾಜಿಗೆ ಏನ ಬಳದಿ ಇದು? ಹಿಂಗಾದ್ರ ಅಲ್ಲೆ ಅಕ್ಷರ ಬರೂದಿಲ್ಲ. ತಡಿ, ಹಸಿ ಅರಿವಿ ತರತೇನಿ."

"ಮುಟ್ಟಿದ್ರ ನೋಡು!"

"ಅಲ್ಲ, ನನ್ನ ಬಿಲ್ಲು?"

"ನಿನಗ ಆ ಸಣ್ಣದು ಬೇಕಾಗಿತ್ತಲ್ಲ? ಅದನ್ನೂ ಒಂದು ತೊಗೊಂಬಾ. ಇದು ಸೋಮವಾರದ್ದು."

ಕುಮಾರಸ್ವಾಮಿ ತಲೆ ಕೆರೆದುಕೊಳ್ಳುತ್ತ ಒಳಗೆ ಹೋದ. ಶಿವಬಸವ್ವ ಚಾಳೀಸು ಹುಡುಕಿ ಹಾಕಿಕೊಂಡು ಗಾಜಿನ ಮೇಲೆ ಬಗ್ಗಿ ನೋಡಿದಳು. ಹಾಳೆ ಇಟ್ಟು ತೆಗೆಯುವಾಗ ಉಜ್ಜಿ ನಡುವಿನ ಪಟ್ಟಿ ಒಂದು ಕಡೆ ಸ್ವಲ್ಪ ಉದುರಿತ್ತು, ಅಲ್ಲಿ ಒಂದೆರಡು ಅಕ್ಷರ ಇಣುಕುವಷ್ಟು. ಅವಳು ದೇವರ ಕೋಣೆಗೆ ಹೋಗಿ ವಿಭೂತಿ ಕಲಸಿಕೊಂಡು ಬಂದು, ಅದೇ ಜಾಗದಲ್ಲಿ, ಈ ಸಲ ಸ್ವಲ್ಪ ಗಟ್ಟಿಯಾಗಿ, ಇನ್ನೊಮ್ಮೆ ಎಳೆದಳು.