ಹಾರ್ಮುಜ್ ದಾಟಿ ಬಂದ ದನಿ

ಮಾತು ಆಡಿದರೆ ಹೋಯಿತು, ಹಡಗು ತಡೆದರೆ ಹೋಯಿತು ಎಂಬ ಗಾದೆ ಎಲ್ಲರಿಗೂ ಗೊತ್ತು. ಅದು ಹಡಗಲ್ಲ, ಮುತ್ತು ಎಂದು ಮೂಗು ಮುರಿಯುವವರು ಸ್ವಲ್ಪ ತಾಳಬೇಕು. ಕೊಲ್ಲಿಯ ದಂಡೆಯ ಊರಾದ ಅಲ್ ಖೋರ್‌ನಲ್ಲಿ ಮುತ್ತಿಗಾಗಿ ಮುಳುಗುವವರ ಕಾಲ ಅಜ್ಜಂದಿರ ಜೊತೆಗೇ ಮುಳುಗಿಹೋಯಿತು. ಈಗ ಆ ಕಡಲ ತಳದಿಂದ ಮೇಲೇಳುವುದು ಗ್ಯಾಸು. ಇಲ್ಲಿ ಹೇಳುವುದು ನಿಜವಾಗಿ ನಡೆದದ್ದು. ಗಾಳಿ ಮಾರಿ ಬದುಕುವ ಊರಿನದ್ದಾದರೂ ಗಾಳಿಮಾತಲ್ಲ.

ಊರಾಚೆಯ ಗ್ಯಾಸ್ ಬಂದರಿನಲ್ಲಿ ಬೂ ಗಾನಿಮ್ ಹಿರಿಯ ಪೈಲಟ್. ವಿಮಾನದವನಲ್ಲ. ದೋಣಿಯಲ್ಲಿ ಹೊರಗಡಲಿಗೆ ಹೋಗಿ, ಬಂದ ಹಡಗನ್ನು ಹತ್ತಿ, ಅದನ್ನು ದಕ್ಕೆಗೆ ತಂದು ಕಟ್ಟಿಸುವವನು. ಬೂ ಗಾನಿಮ್ ಎಂದರೆ ಗಾನಿಮನ ಅಪ್ಪ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಗೆ ಬಿಟ್ಟರೆ ಯಾರಿಗೂ ನೆನಪಿರಲಿಲ್ಲ. ಮಗ ಹುಟ್ಟಿದಂದಿನಿಂದ ಅವನು ಮಗನ ಹೆಸರಿನಲ್ಲೇ ಬದುಕಿದ್ದ.

ಆ ಮಗ ಅಧಿಕಾರಿಯಾಗಿದ್ದ ಖಾಲಿ ಹಡಗು ಹಾರ್ಮುಜ್ ಜಲಸಂಧಿಯ ಆಚೆಯಿಂದ ಒಳಗೆ ಬರಲು ಹೊರಟಿತ್ತು. ದಂಡೆಯವರಿಗೂ ದೂರದ ದೊಡ್ಡವರಿಗೂ ಜಗಳ ಹತ್ತಿ, ವಾರಗಟ್ಟಲೆ ಆ ದಾರಿಯಲ್ಲಿ ಗ್ಯಾಸಿನ ಹಡಗೊಂದೂ ಹೋಗಿರಲಿಲ್ಲ, ಬಂದಿರಲಿಲ್ಲ. ಕ್ಷಿಪಣಿಗಳ ನಡುವೆ ನುಸುಳುವಾಗ ಯಾರ ಕಣ್ಣಿಗೂ ಬೀಳಬಾರದೆಂದು ಹಡಗಿನವರು ತಾವಿರುವ ಜಾಗ ಸಾರುವ ಯಂತ್ರವನ್ನೇ ಆರಿಸಿದ್ದರು. ಬಂದರಿನ ಪರದೆಯ ಮೇಲಿದ್ದ ಹಡಗಿನ ಚುಕ್ಕೆ ಮಾಯವಾಯಿತು. ಅಂದಿನಿಂದ ಬೂ ಗಾನಿಮ್ ಊಟಕ್ಕೆ ಕೂತು, ಅನ್ನವನ್ನು ತಟ್ಟೆಯ ಈ ಬದಿಯಿಂದ ಆ ಬದಿಗೆ ಸರಿಸಿ ಎದ್ದುಬಿಡುತ್ತಿದ್ದ.

ಬಂದರು ಕೂಡ ಅದೇ ಹಡಗಿಗೆ ಕಾಯುತ್ತಿತ್ತು. ಹಿಮವೂ ನಡುಗುವಷ್ಟು ಚಳಿ ಹಿಡಿಸಿ ನೀರಾಗಿಸಿದ ಗ್ಯಾಸು ತೊಟ್ಟಿಗಳಲ್ಲಿ ಕಂಠಮಟ್ಟ ನಿಂತಿತ್ತು. ಒಯ್ಯುವವರಿಲ್ಲದೆ ಗ್ಯಾಸನ್ನು ನೀರಾಗಿಸುವ ಯಂತ್ರಗಳ ಸಾಲುಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಬಂದು, ಕೊನೆಯದೊಂದು ಉಳಿದಿತ್ತು. ವರ್ಷಾನುಗಟ್ಟಲೆ ಮೊರೆದ ಜಾಗ ಉಸಿರು ಬಿಗಿಹಿಡಿದಂತಾಗಿತ್ತು. ಆ ಮೌನದಲ್ಲಿ ಗುಬ್ಬಿಯ ಚಿಲಿಪಿಲಿ ಕೇಳಿ ಕೆಲಸಗಾರರು ಬೆಚ್ಚಿ ತಲೆ ಎತ್ತಿದರು. ಅಲ್ಲಿ ಗುಬ್ಬಿಗಳಿವೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಹೆಸರೂ ಬಾಯಿಗೆ ಬಾರದ ಊರುಗಳಲ್ಲಿ ಒಲೆಗಳು ಸಣ್ಣಗಾಗಿವೆ ಎಂದು ಸುದ್ದಿ ಬರುತ್ತಿತ್ತು. ಈ ಹಿಡಿ ಮರಳಿನ ಮೇಲೆ ಒಂದು ಕೊಳವೆ ಮುಚ್ಚಿದರೆ ಎಲ್ಲೋ ಒಬ್ಬಳ ಗಂಜಿ ಬೇಯುವುದಿಲ್ಲ ಎಂಬುದನ್ನು ನೆನೆದಾಗಲೆಲ್ಲ ಬೂ ಗಾನಿಮನಿಗೆ ಮೈ ಜುಮ್ಮೆನ್ನುತ್ತಿತ್ತು.

ಜೊತೆಯ ಪೈಲಟ್ ಜಬೋರ್‌ಗೆ ಮಾತ್ರ ಮೌನ ಒಗ್ಗದು. ಬಂದರಿನವರೆಲ್ಲರ ದನಿಗಳೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಒಂದು ದಿನ ಅವನು ಬಂದರಿನ ಅಧಿಕಾರಿಯ ಗೊಗ್ಗರು ದನಿ ತೆಗೆದು, "ಪೈಲಟ್ ಠಾಣೆ, ಹಡಗು ಬಂದಿದೆ, ಹೊರಡಿ" ಎಂದು ರೇಡಿಯೊದಲ್ಲಿ ಗುಡುಗಿದ್ದ. ಬೂ ಗಾನಿಮ್ ಜೀವರಕ್ಷಕ ಅಂಗಿಯನ್ನು ಹಿಂದುಮುಂದಾಗಿ ತೊಟ್ಟು ದಕ್ಕೆಯ ತುದಿಯವರೆಗೆ ಓಡಿದ. ಕಡಲು ಬರಿದಾಗಿತ್ತು. ಹಿಂದೆ ದೋಣಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಚಿಕ್ಕಪ್ಪಾ, ಕೂತಲ್ಲೇ ಕಲ್ಲಾಗ್ತಿದ್ರಿ. ಸ್ವಲ್ಪ ಓಡಾಡ್ಲಿ ಅಂತ ಮಾಡ್ದೆ" ಎಂದ ಜಬೋರ್.

ಬೂ ಗಾನಿಮ್ ನಗಲಿಲ್ಲ. "ಇನ್ಮೇಲೆ ಕಣ್ಣಿಗೆ ಕಂಡ್ರೆ ಹಡಗು. ಬರೀ ಕಿವಿಗೆ ಕೇಳಿದ್ರೆ ಅದು ನೀನು" ಎಂದ.

ಮಾರನೆಯ ಬೆಳಿಗ್ಗೆ ಮರಳುಗಾಳಿ ಎದ್ದು ಕಡಲೂ ಬಾನೂ ಒಂದೇ ಬಣ್ಣವಾಗಿದ್ದವು. ಬೂ ಗಾನಿಮ್ ಠಾಣೆಯಲ್ಲಿ ಒಬ್ಬನೇ ಇದ್ದ. ರೇಡಿಯೊ ಕರಕರ ಎಂದಿತು.

"ಪೈಲಟ್ ಠಾಣೆ, ಪೈಲಟ್ ಠಾಣೆ. ಅಪ್ಪಾ, ನಾನು, ಗಾನಿಮ್."

ಎದೆ ಒಮ್ಮೆ ಹಾರಿತು. ಮರುಕ್ಷಣವೇ ನೆತ್ತಿಗೆ ಬೆಂಕಿ ಏರಿತು. ಅವನು ರೇಡಿಯೊದ ಗುಂಡಿ ಒತ್ತಿದ.

"ಲೇ ಜಬೋರ್, ಅಧಿಕಾರೀನ ಆಡ್ಕೊಂಡೆ, ಇಮಾಮರು ಸೀನೋದನ್ನೂ ಬಿಡ್ಲಿಲ್ಲ, ಸುಮ್ನಿದ್ದೆ. ನನ್ ಮಗನ ದನಿ ಯಾಕೋ ತೆಗ್ದೆ? ಇದಾನೋ ಇಲ್ವೋ ಅಂತ ನಾನಿಲ್ಲಿ ಜೀವ ಹಿಡ್ಕೊಂಡ್ ಕೂತಿದೀನಿ. ಕೈಗೆ ಸಿಗು, ನಿನ್ ನಾಲಿಗೆ ಕಿತ್ತು ಹಮೂರ್ ಮೀನಿಗೆ ಗಾಳ ಹಾಕ್ತೀನಿ."

"ಅಪ್ಪಾ, ಇಡೀ ಬಂದರು ಕೇಳಿಸ್ಕೊಳ್ತಿದೆ."

"ಕೇಳಿಸ್ಕೊಳ್ಲಿ. ನಿನ್ನಪ್ಪನೂ ಕೇಳಿಸ್ಕೊಳ್ಲಿ."

"ನನ್ನಪ್ಪನೇ ಕೇಳಿಸ್ಕೊಳ್ತಿರೋದು."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಜಬೋರ್ ಒಳಗೆ ಬಂದ. ಎರಡೂ ಕೈಯಲ್ಲಿ ಕರಕ್ ಚಹಾ, ಬಾಯ್ತುಂಬ ರೊಟ್ಟಿ. ರೊಟ್ಟಿ ನುಂಗಿಕೊಂಡು, "ಯಾರಿಗೆ ಚಿಕ್ಕಪ್ಪಾ, ಬೆಳಬೆಳಿಗ್ಗೆ ಇಷ್ಟೊಂದು ಮಂಗಳಾರತಿ?" ಎಂದು ಕೇಳಿದ.

ಬೂ ಗಾನಿಮ್ ಅವನ ಬಾಯನ್ನು ನೋಡಿದ. ಆಮೇಲೆ ರೇಡಿಯೊವನ್ನು ನೋಡಿದ. ಮತ್ತೆ ಬೈಯಲೆಂದು ಗುಂಡಿ ಒತ್ತಿದ್ದ ಬೆರಳು ಬಿಡಿಸಿಕೊಳ್ಳಲು ಅವನಿಗೆ ಇನ್ನೊಂದು ಕೈ ಬೇಕಾಯಿತು.

ಇಬ್ಬರೂ ಹೊರಗೆ ಓಡಿದರು. ಮೊದಲು ಏನೂ ಇರಲಿಲ್ಲ, ಕಂದು ಮಬ್ಬು ಅಷ್ಟೇ. ಆಮೇಲೆ ಮಬ್ಬಿನ ಒಂದು ಭಾಗ ಗಟ್ಟಿಯಾಗತೊಡಗಿತು. ಅದರೊಳಗಿಂದ ಒಂದು ಗುಮ್ಮಟ ಮೂಡಿತು, ಅದರ ಹಿಂದೆ ಇನ್ನೊಂದು, ಮತ್ತೆರಡು. ಮಸೀದಿಗಳ ಸಾಲೇ ಕಡಲ ಮೇಲೆ ನಡೆದು ಬರುತ್ತಿರುವ ಹಾಗಿತ್ತು. ಸದ್ದಿಲ್ಲ. ಗುಮ್ಮಟದಂಥ ಗ್ಯಾಸಿನ ತೊಟ್ಟಿಗಳೆಲ್ಲ ಬರಿದಾದ್ದರಿಂದ ಹಡಗು ನೀರಿನಿಂದ ಎತ್ತರಕ್ಕೆ ಎದ್ದುನಿಂತು, ಅದರ ಕೆಂಪು ಒಡಲು ಬಂಡೆಯಂತೆ ಕಾಣುತ್ತಿತ್ತು. ಹೆಸರಿನ ಅಕ್ಷರಗಳು ಧೂಳಿನಲ್ಲಿ ಮುಚ್ಚಿಹೋಗಿದ್ದವು. ಟಗ್ ದೋಣಿಗಳ ಜನ ಹಗ್ಗ ಹಿಡಿದವರು ಹಿಡಿದ ಹಾಗೇ ನಿಂತರು. ಯಾರೋ ಮೆಲ್ಲಗೆ ದೇವರ ಹೆಸರು ಹೇಳಿದರು. ಜಬೋರ್‌ನ ಗಂಟಲಲ್ಲಿದ್ದ ಅಷ್ಟೂ ಜನ ಬಾಯಿ ಮುಚ್ಚಿದ್ದರು.

ಬೂ ಗಾನಿಮ್ ದೋಣಿ ಹತ್ತಿ ಹೊರಟ. ಹಡಗಿನ ಬದಿಯಲ್ಲಿ ಇಳಿಬಿಟ್ಟ ಹಗ್ಗದ ಏಣಿ ಹಿಡಿದು ಹತ್ತುವಾಗ, ಈ ಕಬ್ಬಿಣ ಬೆಂಕಿಯ ಬಾಯಿಂದ ಬಂದಿದೆ ಎಂದು ಅಂಗೈಯಿಂದ ಒಮ್ಮೆ ಸವರಿದ.

ಮೇಲೆ ಚುಕ್ಕಾಣಿಕೋಣೆಯಲ್ಲಿ ಮುದುಕ ಕ್ಯಾಪ್ಟನ್ ಕೈ ಕುಲುಕಿದ. "ಎರಡು ದಂಡೇಲೂ ಒಂದು ದೀಪ ಇರ್ಲಿಲ್ಲ ಸ್ವಾಮಿ. ನಮ್ಮ ಎಂಜಿನ್ ಸದ್ದಿಗೆ ನಾವೇ ಹೆದರ್ತಿದ್ವಿ. ಯಾಕೆ ಬಿಟ್ರು, ಯಾರು ಬಿಟ್ರು, ಇನ್ನೂ ಗೊತ್ತಿಲ್ಲ" ಎಂದ.

ಎಂಜಿನ್ನಿನ ವೇಗ ಬದಲಿಸುವ ಹಿಡಿಯ ಬಳಿ ಗಾನಿಮ್ ನಿಂತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ಎರಡೇ ಹೆಜ್ಜೆ ದೂರ. ಆದರೆ ದಕ್ಕೆಗೆ ಕಟ್ಟುವ ತನಕ ಹಡಗಿನಲ್ಲಿರುವುದು ಪೈಲಟ್, ಅಪ್ಪನಲ್ಲ. ಪೈಲಟ್ ಕೊಟ್ಟ ಆಜ್ಞೆಯನ್ನು ಕೇಳಿದವನು ಇದ್ದದ್ದು ಇದ್ದ ಹಾಗೆ ಮರುನುಡಿಯಬೇಕು. ಅಷ್ಟು ದೊಡ್ಡ ಒಡಲು ಒಂದು ಮಾತು ತಪ್ಪಿದರೆ ದಕ್ಕೆಯನ್ನೇ ನುಂಗುತ್ತದೆ.

ಬೂ ಗಾನಿಮ್ ಮಗನ ಕಡೆ ನೋಡದೆ ಕಿಟಕಿಗೆ ಮುಖ ಮಾಡಿ ನಿಂತ. ಗತ್ತಿನಿಂದ ಬಾಯಿ ತೆರೆದ. ದನಿ ಒಡೆಯಿತು.

"ಎಂಜಿನ್... ಮುಂದಕ್ಕೆ. ತೀರಾ... ಹ್ಞಂ, ಹ್ಞಂ... ನಿಧಾನ."

ಗಾನಿಮ್ ನೆಟ್ಟಗೆ ನಿಂತು, ಅಪ್ಪನದೇ ದನಿಯಲ್ಲಿ, ಅದು ಒಡೆದ ಕಡೆಯಲ್ಲೇ ಒಡೆದು, ಮರುನುಡಿದ.

"ಎಂಜಿನ್... ಮುಂದಕ್ಕೆ. ತೀರಾ... ಹ್ಞಂ, ಹ್ಞಂ... ನಿಧಾನ, ಸರ್."

ಹಡಗು ಮೆಲ್ಲಗೆ ಅಲುಗಿ ಮುಂದೆ ಸರಿಯಿತು. ಮೊದಲು ಚುಕ್ಕಾಣಿ ಹಿಡಿದವನ ಭುಜ ಕುಣಿಯಿತು, ಆಮೇಲೆ ಕ್ಯಾಪ್ಟನ್ ತಡೆಯಲಾರದೆ ನಕ್ಕ. ಅವರಿಬ್ಬರ ನಗೆಯನ್ನೂ ಮುಳುಗಿಸಿ, ಮಗನದನ್ನೂ ಮುಳುಗಿಸಿ, ಕಿಟಕಿಯ ಗಾಜು ಅದುರುವಂತೆ, ಕಣ್ಣೊರೆಸಿಕೊಳ್ಳುತ್ತ, ನಿಲ್ಲಿಸಲಾಗದೆ ನಕ್ಕವನು ಬೂ ಗಾನಿಮ್.